ಎದುರು ಮನೆಯ ಕಾಕೂ ನುಡಿದ ಸಾಕ್ಷಿ

ನಮ್ಮ ಎದುರು ಮನೆಯ ಕಾಕೂ ಬಲಗೈ ಹೆಬ್ಬೆರಳಿನ ಉಗುರನ್ನು ಬೇಕೆಂದೇ ಉದ್ದ ಬಿಟ್ಟಿದ್ದರು. ಬಾಗಿಲಿಗೆ ಯಾರು ಏನು ಅಂಟಿಸಿ ಹೋದರೂ ಅದರಿಂದಲೇ ಕೆರೆದು ಕಿತ್ತು ಹಾಕುತ್ತಿದ್ದರು. ಟ್ಯೂಶನ್ನಿನ ಜಾಹೀರಾತಿಗೂ ಕೇಬಲ್‌ನವನ ಚೀಟಿಗೂ ಒಂದೇ ಗತಿ. ತಮ್ಮ ಬಾಗಿಲಷ್ಟೇ ಅಲ್ಲ, ಊರಿಗೆ ಹೋದವರ ಬಾಗಿಲೂ ಅವರದೇ ಜವಾಬ್ದಾರಿ. "ಬಾಗಲಕ್ಕ ಕಾಗದ ಹಂಗ ಇದ್ರ ಕಳ್ಳರಿಗೆ ಬರ್ರಿ ಅಂತ ಕರದಂಗ" ಎನ್ನುವರು. ಗುರುತಿಲ್ಲದವರು ಬಂದು ವಿಚಾರಿಸಿದರೆ ಉತ್ತರವೂ ಸಿದ್ಧವಿರುತ್ತಿತ್ತು: "ಇದ್ದಾರ್ರಿ, ಕಾಯಿಪಲ್ಲೆ ತರಾಕ ಹೋಗ್ಯಾರ, ಈಗ ಬರ್ತಾರ."

ಧಾರವಾಡದಿಂದ ಮದುವೆಯಾಗಿ ನಮ್ಮ ಈ ಮರಾಠಿ ಊರು ಖಡಕಿಗೆ ಬಂದವರು. ಹೊರಗೆ ನಿರರ್ಗಳ ಮರಾಠಿ; ಹೊಸ್ತಿಲು ದಾಟಿ ಒಳಗೆ ಬಂದರೆ ಅಚ್ಚ ಧಾರವಾಡ. ಅಂಥವರು ಎದುರಿಗಿದ್ದಾರೆಂಬ ಧೈರ್ಯದ ಮೇಲೆಯೇ ನಾನು ಮನೆಗೆ ಬೀಗ ಹಾಕಿ ಎರಡು ವರ್ಷದ ನೌಕರಿಗೆಂದು ಮಸ್ಕತ್ತಿಗೆ ಹೋದೆ.

ಮರಳಿ ಬಂದಾಗ ಕಾದಿದ್ದು ಜಪ್ತಿ ವಾರಂಟು. ನನ್ನ ಅಡುಗೆಮನೆ ಕಟ್ಟಿಕೊಟ್ಟ ಕಾಂಟ್ರಾಕ್ಟರ್, ಬಿಲ್ ಬಾಕಿ ಇದೆಯೆಂದು ನನ್ನ ಮೇಲೆ ದಾವೆ ಹೂಡಿದ್ದ. ಅವನಿಗೆ ಕೊಡಬೇಕಾದದ್ದನ್ನೆಲ್ಲ ಬ್ಯಾಂಕಿನ ಮೂಲಕ ಕೊಟ್ಟೇ ಹೊರಟಿದ್ದೆ! ನಾನು ಹಾಜರಾಗಲಿಲ್ಲವೆಂದು ಕೋರ್ಟು ಅವನ ಮಾತನ್ನಷ್ಟೇ ಕೇಳಿ ತೀರ್ಪು ಕೊಟ್ಟಿತ್ತು. ಈಗ ಸಾಲಕ್ಕೆ ನನ್ನ ಮನೆಯೇ ಹರಾಜು.

ವಕೀಲರು ಕೋರ್ಟಿನ ಕಡತ ತೆಗೆಸಿ ನೋಡಿದರು. ಸಮನ್ಸ್ ತಂದ ಬೇಲಿಫ್‌ಗೆ ಪ್ರತಿ ಸಲವೂ ಎದುರು ಮನೆಯವರು, ಇದ್ದಾರೆ, ಕಾಯಿಪಲ್ಲೆ ತರಲು ಹೋಗಿದ್ದಾರೆ ಎಂದಿದ್ದರಂತೆ. ನಾನು ತಪ್ಪಿಸಿಕೊಳ್ಳುತ್ತಿದ್ದೇನೆಂದು ತಿಳಿದು ಆತ ಸಮನ್ಸನ್ನು ಬಾಗಿಲಿಗೆ ಅಂಟಿಸಿ ಹೋಗಿದ್ದ. ಅದರ ಗತಿ ಏನಾಗಿರಬೇಕೆಂದು ನನಗೆ ಯಾರೂ ಹೇಳಬೇಕಿರಲಿಲ್ಲ.

ನನ್ನ ಪಿತ್ತ ನೆತ್ತಿಗೇರಿತು. ಹೋಗಿ ಚೀರಾಡಿದೆ: "ಕಾಕೂ, ನಿಮ್ಮ ಕಾಯಿಪಲ್ಲೆ ಮಾತಿಗೆ ನನ್ನ ಮನಿ ಹರಾಜಿಗೆ ಹೊಂಟದ್ರಿ!"

ಮೆಂತೆಸೊಪ್ಪು ಸೋಸುತ್ತಿದ್ದ ಕಾಕೂ ಮೊರ ಬದಿಗಿಟ್ಟರು. ಅಳಲಿಲ್ಲ, ನೆಪ ಹೇಳಲಿಲ್ಲ. "ಹರದು ಕಸದಾಗ ಒಗದಾಕಿ ನಾನ ತಂಗಿ. ಏನದ ಅಂತ ಓದಿ ಸುದ್ದ ನೋಡಲಿಲ್ಲ. ಎಲ್ಲಿ ಹೇಳಬೇಕೋ ಅಲ್ಲಿ ಹೇಳ್ತೀನಿ, ನಡಿ."

ತಡಮಾಡದೆ ತೀರ್ಪು ರದ್ದತಿಗೆ ಅರ್ಜಿ ಹಾಕಿದೆವು. ನಾನು ದೇಶದಲ್ಲಿರಲಿಲ್ಲ ಎನ್ನಲು ಪಾಸ್‌ಪೋರ್ಟು ಸಾಕಿತ್ತು. ಆದರೆ ಎದುರು ಮನೆಯವರು ಫೋನಿನಲ್ಲಿ ಸುದ್ದಿ ಮುಟ್ಟಿಸಿದ್ದರು, ಗೊತ್ತಿದ್ದೂ ನಾನು ಬರಲಿಲ್ಲ ಎಂದು ಕಾಂಟ್ರಾಕ್ಟರನ ಕಡೆಯವರು ವಾದಿಸಿದರೆ? ಅದಕ್ಕೆ ಕಾಕೂ ಒಬ್ಬರೇ ಉತ್ತರ. "ಪಾಟೀಸವಾಲಿನಲ್ಲಿ ಮುದುಕಿಯನ್ನು ಹಣ್ಣುಗಾಯಿ ನೀರುಗಾಯಿ ಮಾಡುತ್ತಾರೆ" ಎಂದು ವಕೀಲರು ಹಿಂಜರಿದರು. ಕಾಕೂ ಮಾತ್ರ ಸಾಕ್ಷಿಯ ದಿನ ಇಳಕಲ್ ಸೀರೆ ಉಟ್ಟು, ನನಗಿಂತ ಮೊದಲೇ ರಿಕ್ಷಾದಲ್ಲಿ ಕುಳಿತಿದ್ದರು.

ಕಟಕಟೆ ಹತ್ತಿದವರೇ, ಯಾರೂ ಕೇಳುವ ಮೊದಲೇ, "ಸಾಹೇಬ, ಮೀ ಖೋಟಂ ಬೋಲಲೆ" ಎಂದುಬಿಟ್ಟರು. ನಾನು ಸುಳ್ಳು ಹೇಳಿದೆ ಎಂದು, ತುಂಬಿದ ಕೋರ್ಟಿನಲ್ಲಿ! ಆಮೇಲೆ ಮರಾಠಿಯಲ್ಲೇ ಕಳ್ಳರ ಭಯ, ಕಾಯಿಪಲ್ಲೆ, ಕಿತ್ತೊಗೆದ ಕಾಗದ, ಎಲ್ಲ ಹೇಳಿದರು.

ಎದುರು ವಕೀಲ ನಕ್ಕ. "ಆಗ ಸುಳ್ಳು ಹೇಳಿದವರು ಈಗಲೂ ಹೇಳುತ್ತಿಲ್ಲವೆಂದು ಹೇಗೆ ನಂಬಬೇಕು, ಆಜಿ?"

ಕಾಕೂ ಅವನನ್ನೇ ನೋಡಿದರು. "ಆಗ ಮನೆ ಕಾಯಲು ಸುಳ್ಳು ಹೇಳಿದೆ, ಮಗಾ. ಈಗ ಸುಳ್ಳು ಹೇಳಿದ್ದರೆ ನನ್ನ ಮರ್ಯಾದೆಯಾದರೂ ಉಳಿಯುತ್ತಿತ್ತು. ಖರೆ ಹೇಳಿದ್ದಕ್ಕೇ ಅಲ್ಲವೇ ನೀನು ನಗುತ್ತಿರುವುದು?"

ಅವನು ಕಡತ ಮಡಚಿ ಕುಳಿತ. ನನಗಂತೂ ಎದ್ದು ಹೋಗಿ ಅವರ ಕಾಲು ಹಿಡಿಯಬೇಕೆನ್ನಿಸಿತು.

ಹಳೆಯ ತೀರ್ಪು ರದ್ದಾಯಿತು. ದಾವೆಯನ್ನು ಮೊದಲಿನಿಂದ ಕೇಳಬೇಕೆಂದು ಆದೇಶ ಬಂತು. ಕಾಕೂ ಅವರಿಗೆ ಮಾತ್ರ ಬೇರೆಯದೇ ಚಿಂತೆ. "ಅದರಾಗ ನನ್ನ ಹೆಸರ ಮುಂದ ಸುಳ್ಳಬುರುಕಿ ಅಂತ ಬರದಾರೇನ?"

"ಇಲ್ರೀ ಕಾಕೂ. ಈ ಸಾಕ್ಷಿ ತನ್ನ ತಪ್ಪು ತಾನ ಒಪ್ಪಿಕೊಂಡಾಳ, ಆಕಿ ಮಾತು ನಂಬೂ ಹಂಗ ಅದ ಅಂತ ಬರದಾರ."

"ಖರೇ? ಇನ್ನೊಮ್ಮೆ ಓದು." ಓದಿದೆ. ಸೆರಗಿನಿಂದ ಕಣ್ಣೊರೆಸಿಕೊಂಡು, "ಛೊಲೊ ಆತು. ಚಹಾ ಇಡ್ತೀನಿ, ಕೂಡು" ಎಂದರು.

ಎರಡನೆಯ ವಿಚಾರಣೆ ಮುಗಿಯುವಷ್ಟರಲ್ಲಿ ಕಾಕೂ ಹೋಗಿಬಿಟ್ಟಿದ್ದರು. ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲ. ಕಾಂಟ್ರಾಕ್ಟರನ ದಾವೆ ಪೂರ್ತಿ ವಜಾ ಆದ ದಿನ ನಾನು ಕೋರ್ಟಿನಿಂದ ಓಡುತ್ತಲೇ ಬಂದೆ. ಮೆಟ್ಟಿಲು ಹತ್ತುತ್ತ, "ಕಾಕೂ, ಮನಿ ಉಳೀತ್ರೀ!" ಎಂದು ಕೂಗಿಯೇ ಬಿಟ್ಟೆ. ಕೂಗಿದ ಮೇಲೆ ನೆನಪಾಯಿತು. ಅಲ್ಲೇ ಮೆಟ್ಟಿಲ ಮೇಲೆ ಕುಳಿತು ಮನಸಾರೆ ಅತ್ತು, ಆಮೇಲೆ ಎದ್ದು ಹೋಗಿ ನನ್ನ ಮನೆಯ ಬೀಗ ತೆಗೆದೆ.