ಮರ ಹೇಳುವವರೆಗೆ ಲಂಗ

ಕಕ್ಕಿಂಜೆಯಿಂದ ಚಾರ್ಮಾಡಿಗೆ ಹೋಗುವ ದಾರಿಯ ಕೆಳಗೆ, ನಮ್ಮ ಗದ್ದೆಯ ಬದುವಿನಲ್ಲಿ, ತಾನಾಗಿ ಹುಟ್ಟಿದ ಒಂದು ಕಾಟುಮಾವಿನ ಮರವಿತ್ತು. ಅದರ ಹಣ್ಣು ಹುಳಿ. ಆದರೆ ಮಿಡಿಗೆ ಇದ್ದಂಥ ಪರಿಮಳ ಬೇರೆ ಯಾವ ಮರದಲ್ಲೂ ಇರಲಿಲ್ಲ. ಉಪ್ಪಿನಲ್ಲಿ ಹಾಕಿಟ್ಟರೆ ಎರಡು ಮಳೆಗಾಲ ಕಳೆದ ಮೇಲೂ ಕಚ್ಚಿದಾಗ ಕಟಕ್ ಎನ್ನುತ್ತಿತ್ತು. ಆ ಮಿಡಿಯ ಭರಣಿಗೆ ಅಜ್ಜಿಯನ್ನು ಬಿಟ್ಟು ಬೇರೆ ಯಾರೂ ಕೈ ಹಾಕುವಂತಿರಲಿಲ್ಲ.

ನಾನು ಆ ಮರ ಹತ್ತಿದ್ದು ಐವತ್ತರ ದಶಕ ಮುಗಿಯುತ್ತಾ ಬಂದ ಒಂದು ಬೇಸಗೆಯಲ್ಲಿ. ನನಗೆ ಆಗ ಹತ್ತು ವರ್ಷ. ಅಣ್ಣನ ಖಾಕಿ ಚಡ್ಡಿ ಹಾಕಿದ್ದೆ. ಅಣ್ಣ ಓದಲು ಮೂಡುಬಿದಿರೆಗೆ ಹೋಗುವಾಗ ಗಿಡ್ಡವಾಯಿತೆಂದು ಬಿಟ್ಟು ಹೋದ ಚಡ್ಡಿ ಅದು. ಶಾಲೆಗೆ ಮಾತ್ರ ಲಂಗ. ಮನೆಗೆ ಬಂದರೆ ಪುಸ್ತಕ ಇಡುವ ಮೊದಲೇ ಚಡ್ಡಿ. ಲಂಗದೊಳಗೆ ನನ್ನ ಕಾಲುಗಳು ಎಲ್ಲಿವೆ ಎಂದು ನನಗೆ ತಿಳಿಯುತ್ತಿರಲಿಲ್ಲ, ಚಡ್ಡಿಯಲ್ಲಿ ತಿಳಿಯುತ್ತಿತ್ತು. ಇದಕ್ಕಿಂತ ಸರಿಯಾಗಿ ಹೇಳಲು ಇಂದಿಗೂ ನನಗೆ ಬರುವುದಿಲ್ಲ.

ಗದ್ದೆಯ ಮೇಲೆ ಚಾಚಿಕೊಂಡಿದ್ದ ಉದ್ದದ ಗೆಲ್ಲಿನ, ಅಂದರೆ ಕೊಂಬೆಯ, ತುದಿಯವರೆಗೆ ಹೋಗಿ ಕುಳಿತಿದ್ದೆ. ಕೆಳಗಿನಿಂದ ಅಜ್ಜಿಯ ಧ್ವನಿ ಬಂತು.

"ಇಳಿ."

ಇಳಿದೆ. ಅಮ್ಮ ಬಾವಿಕಟ್ಟೆಯಿಂದ ಓಡಿ ಬಂದು ದೂರದಲ್ಲೇ ನಿಂತರು. ನಮ್ಮದು ತಾಯಿಯ ಕಡೆಯಿಂದ ನಡೆಯುವ ಮನೆತನ. ಅಜ್ಜಿ ಮಾತನಾಡುವಾಗ ಮಧ್ಯೆ ಬಾಯಿ ಹಾಕುವವರು ಯಾರೂ ಇರಲಿಲ್ಲ. ಮನೆಯ ಮಾತು ತುಳು. ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ, ಅಷ್ಟೇ ವ್ಯತ್ಯಾಸ.

"ಹೆಣ್ಣು ಹತ್ತಿದ ಮರ ಬರಡಾಗ್ತದೆ ಅಂತ ಗೊತ್ತಿಲ್ವಾ ನಿನಗೆ?"

"ಗೊತ್ತುಂಟು. ಯಾಕೆ ಬರಡಾಗುವುದು?"

"ಯಾಕೆ ಅಂತ ಮರದ ಹತ್ರವೇ ಕೇಳು."

"ಕೇಳ್ತೇನೆ."

ಅಮ್ಮ ಕಣ್ಣು ಮುಚ್ಚಿಕೊಂಡದ್ದು ನನಗೆ ಕಂಡಿತು. ಅಜ್ಜಿ ಮಾತ್ರ ಸಿಟ್ಟಾಗಲಿಲ್ಲ. ಮರವನ್ನು ಬುಡದಿಂದ ತುದಿಯವರೆಗೆ ನೋಡಿದರು. ಆ ವರ್ಷ ಅದರ ತುಂಬ ಕಾಯಿ ಇತ್ತು.

"ಆಯ್ತು. ಮರವೇ ಹೇಳ್ಲಿ. ಬರುವ ವರ್ಷ ಇದು ಮಿಡಿ ಬಿಟ್ರೆ ನೀನು ಚಡ್ಡಿ ಹಾಕು, ಮರ ಹತ್ತು, ನಾನು ಏನೂ ಕೇಳುವುದಿಲ್ಲ. ಬಿಡದಿದ್ರೆ ಚಡ್ಡಿಯ ಸುದ್ದಿ ಈ ಮನೆಯಲ್ಲಿ ಇನ್ನು ಇಲ್ಲ. ಮರ ಹೇಳುವವರೆಗೆ ಲಂಗ."

ನಾನು ಒಪ್ಪಿದೆ. ಅಷ್ಟು ತುಂಬಿದ ಮರ ಬಿಡದೇ ಇರುವುದುಂಟೇ ಎಂಬುದು ನನ್ನ ಧೈರ್ಯ. ಚಡ್ಡಿ ಅಜ್ಜಿಯ ಮರದ ಪೆಟ್ಟಿಗೆಯೊಳಗೆ ಹೋಯಿತು. ಅಮ್ಮನ ಅಣ್ಣ, ನಮ್ಮ ಮಾವ, ಬಂಟ್ವಾಳ ಪೇಟೆಯಿಂದ ಹಸಿರು ಹೂವಿನ ಬಟ್ಟೆ ತಂದರು. ಅಮ್ಮ ಲಂಗ ಹೊಲಿದರು. ಮಳೆ ಹಿಡಿದ ಮೇಲೆ ಅದರ ಅಂಚು ಒದ್ದೆಯಾಗಿ, ಹೆಜ್ಜೆ ಹೆಜ್ಜೆಗೂ ಹಿಮ್ಮಡಿಗೆ ಬಡಿಯುತ್ತಿತ್ತು.

ಮಳೆ ಜೋರಾಗಿ ಸುರಿಯುವ ಆಟಿ ತಿಂಗಳಲ್ಲಿ ಒಂದು ದಿನ ಮಾವ ಜಗಲಿಯಲ್ಲಿ ಕುಳಿತು ತೆಂಗಿನ ನಾರಿನ ಹಗ್ಗ ಹೊಸೆಯುತ್ತಿದ್ದರು. ಗದ್ದೆಯ ಕೆಲಸವೆಲ್ಲ ಅವರದೇ. ನಾನು ಹಗ್ಗದ ತುದಿ ಹಿಡಿದುಕೊಂಡಿದ್ದೆ.

"ಮಾವ, ಬದುವಿನ ಮರ ಬರುವ ವರ್ಷ ಎಷ್ಟು ಮಿಡಿ ಬಿಡ್ಬಹುದು?"

"ಬರುವ ವರ್ಷ ಅದಕ್ಕೆ ರಜೆ ಅಲ್ವಾ ಮಾರಾಯ್ತಿ. ಒಂದು ವರ್ಷ ಬಿಡ್ತದೆ, ಒಂದು ವರ್ಷ ಮಲಗ್ತದೆ. ನಾನು ಸಣ್ಣವನಿರುವಾಗಲೂ ಹಾಗೇ ಇತ್ತು."

ನನ್ನ ಕೈಯಲ್ಲಿದ್ದ ಹಗ್ಗ ಸಡಿಲವಾಯಿತು.

"ಅಜ್ಜಿಗೆ ಗೊತ್ತುಂಟಾ ಅದು?"

ಮಾವ ನಕ್ಕರು. "ನನಗೆ ಹೇಳಿ ಕೊಟ್ಟದ್ದೇ ಅವರು. ಹಗ್ಗ ಸರಿಯಾಗಿ ಹಿಡಿ."

ನಾನು ಅಳಲಿಲ್ಲ, ಯಾರಲ್ಲೂ ಹೇಳಲೂ ಇಲ್ಲ. ಅಜ್ಜಿಯ ಎದುರು ಹೋಗಿ ಕೇಳುವ ಧೈರ್ಯ ನನ್ನಲ್ಲಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಅವರು ಹೌದು ಎಂದುಬಿಟ್ಟರೆ ಮತ್ತೆ ಮಾತಿಗೆ ಜಾಗವೇ ಇರುತ್ತಿರಲಿಲ್ಲ. ಮಳೆ ಬಿಟ್ಟ ಮೇಲೂ ನಾನು ಮರದ ಹತ್ತಿರ ಹೋಗಲಿಲ್ಲ. ಉತ್ತರ ಗೊತ್ತಿದ್ದ ಮೇಲೆ ಕೇಳುವುದೇನು?

ಮಕರ ತಿಂಗಳಲ್ಲಿ ದನದ ಹಟ್ಟಿಗೆ ಹಾಸಲು ತರಗೆಲೆ ಗುಡಿಸಿ ತರಲು ಅಮ್ಮ ನನ್ನನ್ನು ಗುಡ್ಡೆಗೆ ಕಳಿಸಿದರು. ಬೆಳಿಗ್ಗೆ ಮಂಜು ಇನ್ನೂ ಇತ್ತು. ಬದುವಿನ ಹತ್ತಿರ ಬರುವಾಗ ಮೊದಲು ಕೇಳಿಸಿದ್ದು ಸದ್ದು. ದೂರದಲ್ಲಿ ಯಾರೋ ನಿಲ್ಲಿಸದೆ ಒಂದೇ ಸ್ವರದಲ್ಲಿ ಏನನ್ನೋ ಹೇಳುತ್ತಿರುವ ಹಾಗೆ. ಆಮೇಲೆ ಪರಿಮಳ. ತಲೆಯೆತ್ತಿದೆ.

ಕಂಡದ್ದನ್ನು ಕಂಡಷ್ಟೇ ಬರೆಯುತ್ತೇನೆ. ಮರ ಇಡೀ ಕಡು ಹಸಿರಾಗಿ ಮಲಗಿತ್ತು, ಮಾವ ಹೇಳಿದ ಹಾಗೆಯೇ. ಗದ್ದೆಯ ಮೇಲೆ ಚಾಚಿದ್ದ ಒಂದು ಗೆಲ್ಲು ಮಾತ್ರ ಬುಡದಿಂದ ತುದಿಯವರೆಗೆ ಹೂ ಬಿಟ್ಟಿತ್ತು. ಅದರಲ್ಲಿ ಎಲೆ ಕಾಣುತ್ತಿರಲಿಲ್ಲ. ಜೇನುನೊಣಗಳ ಸದ್ದಿಗೆ ಗೆಲ್ಲೇ ನಡುಗುವಂತೆ ಕಾಣುತ್ತಿತ್ತು. ನಾನು ಹತ್ತಿ ಕುಳಿತ ಗೆಲ್ಲು ಅದು. ಬೇರೆ ಯಾವುದೂ ಅಲ್ಲ.

ಎಷ್ಟೋ ವರ್ಷಗಳ ನಂತರ ಕೃಷಿ ಓದಿದ ಒಬ್ಬರಲ್ಲಿ ಇದನ್ನು ಹೇಳಿದೆ. ಮಲಗುವ ವರ್ಷದಲ್ಲೂ ಒಂದೊಂದು ಗೆಲ್ಲು ಎಚ್ಚರಾಗುವುದುಂಟು, ಆಶ್ಚರ್ಯವೇನಿಲ್ಲ ಎಂದರು. ಅವರು ಹೇಳಿದ್ದು ನಿಜವೇ ಇರಬೇಕು. ಆದರೆ ಆ ಬೆಳಿಗ್ಗೆ ನಾನು ಬುಟ್ಟಿ ಕೆಳಗಿಟ್ಟು, ಗದ್ದೆಯ ಒಣ ಕೂಳೆಯ ಮೇಲೆ ಕುಳಿತುಬಿಟ್ಟೆ.

ಮಧ್ಯಾಹ್ನದೊಳಗೆ ಮನೆಯವರೆಲ್ಲ ಬಂದು ನೋಡಿದರು. ಮಾವ ಕೈಯನ್ನು ಹಣೆಗೆ ಅಡ್ಡ ಹಿಡಿದು ಬಹಳ ಹೊತ್ತು ನಿಂತರು. ಅಜ್ಜಿ ಕೊನೆಗೆ ಬಂದರು. ಗೆಲ್ಲನ್ನು ನೋಡಿ ನನ್ನನ್ನು ನೋಡಿದರು. ಅವರ ಮುಖದಲ್ಲಿ ಅಂಥ ಗೊಂದಲವನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

"ಹೂ ಬಿಟ್ಟ ಕೂಡ್ಲೇ ಮಿಡಿ ಆಯ್ತು ಅಂತ ಅಲ್ಲ," ಎಂದು ಹೇಳಿ ಮನೆ ಕಡೆ ನಡೆದರು.

ಅದೂ ಸರಿಯೇ. ಮೋಡ ಕವಿದರೆ ಹೂವೆಲ್ಲ ಕರಟಿ ಉದುರುತ್ತದೆ. ದಿನಾ ಬೆಳಿಗ್ಗೆ ಎದ್ದು ಮೊದಲು ಆಕಾಶ ನೋಡುತ್ತಿದ್ದೆ. ಅಂಗಳದಲ್ಲಿ ಅಜ್ಜಿಯೂ ನಿಂತು ಆಕಾಶವನ್ನೇ ನೋಡುತ್ತಿದ್ದರು. ಅವರಿಗೆ ಮೋಡ ಬೇಕಿತ್ತೋ ಬೇಡವಾಗಿತ್ತೋ ನನಗೆ ತಿಳಿಯಲಿಲ್ಲ. ಮೋಡ ಬರಲಿಲ್ಲ. ಹೂವು ಉದುರಿದ ಜಾಗದಲ್ಲಿ ಸಾಸಿವೆಯಷ್ಟು, ಆಮೇಲೆ ಕಡಲೆಯಷ್ಟು, ಆಮೇಲೆ ಹೆಬ್ಬೆರಳಿನ ತುದಿಯಷ್ಟು ಮಿಡಿ ನೇತಾಡಿತು.

ಮಿಡಿ ಕೊಯ್ಯುವವರು ಬಂದರು. ಪ್ರತಿ ಸಲ ಬರುತ್ತಿದ್ದ ದಪ್ಪ ಮೈಯ ಹಿರಿಯರೊಬ್ಬರು, ಹೆಗಲಲ್ಲಿ ಹಗ್ಗ. ಮರ ಹತ್ತಿ ಆ ಗೆಲ್ಲಿಗೆ ಒಂದು ಕಾಲಿಟ್ಟು ನೋಡಿ, ಹಾಗೆಯೇ ಇಳಿದರು.

"ಆಗುವುದಿಲ್ಲ ಅಮ್ಮ. ಮಿಡಿ ಎಲ್ಲ ತುದಿಯಲ್ಲೇ ಉಂಟು. ಗೆಲ್ಲು ನನ್ನನ್ನು ತಾಳುವುದಿಲ್ಲ," ಎಂದು ಅಜ್ಜಿಗೆ ಹೇಳಿದರು.

"ಹೊಡೆದು ಬೀಳಿಸಿದ್ರೆ?" ಎಂದು ಮಾವ ಕೇಳಿದರು.

"ನೆಲಕ್ಕೆ ಬಿದ್ದ ಮಿಡಿ ಭರಣಿಯಲ್ಲಿ ಕೊಳೀತದೆ. ಅಷ್ಟೂ ಗೊತ್ತಿಲ್ವಾ ನಿನಗೆ?" ಎಂದರು ಅಜ್ಜಿ.

ಅಜ್ಜಿ ಮನೆಯೊಳಗೆ ಹೋಗಿ ಚಡ್ಡಿ ತಂದರು. ಅದಕ್ಕೆ ಪೆಟ್ಟಿಗೆಯ ಕರ್ಪೂರದ ವಾಸನೆ ಹತ್ತಿತ್ತು. ನಾನು ಹುಲ್ಲಿನ ಬಣವೆಯ ಹಿಂದೆ ಹೋಗಿ ಹಾಕಿಕೊಂಡೆ. ಆ ವರ್ಷ ನಾನು ಬೆಳೆದಿದ್ದೆ. ಸೊಂಟದ ಗುಂಡಿ ತೂತಿನ ಹತ್ತಿರ ಬರಲಿಲ್ಲ.

"ಉಸಿರು ಒಳಗೆ ಎಳಿ," ಎಂದು ಅಜ್ಜಿ ಮೊಣಕಾಲೂರಿ ಕುಳಿತು, ಗುಂಡಿಯ ತೂತಿನಲ್ಲಿ ಬಾಳೆನಾರು ತೂರಿಸಿ ಬಿಗಿದರು. ಎರಡನೆಯ ಗಂಟು ಹಾಕಿ ಎಳೆದು ನೋಡಿದರು.

ಕೊಯ್ಯುವವರು ಮೆಲ್ಲಗೆ ಹೇಳಿದರು. "ಅಮ್ಮ, ಹೆಣ್ಣು ಮಗು ಹತ್ತಿದ್ರೆ ಮರ..."

"ಒಮ್ಮೆ ಹತ್ತಿ ಆಗಿದೆ. ಮರಕ್ಕೆ ಬೇಡದಿದ್ರೆ ಅದೇ ಹೇಳ್ತಿತ್ತು."

ಬುಟ್ಟಿಗೆ ಹಗ್ಗ ಕಟ್ಟಿ ಹತ್ತಿದೆ. ಕೆಂಪಿರುವೆ ಕುತ್ತಿಗೆಯವರೆಗೆ ಬಂದವು. ತೊಟ್ಟು ಮುರಿದಾಗ ಸೊನೆ ಚಿಮ್ಮಿ ಕೈ ಉರಿಯಿತು. ತೊಟ್ಟು ಮಿಡಿಯಲ್ಲೇ ಉಳಿಯುವ ಹಾಗೆ ಒಂದೊಂದೇ ಕೊಯ್ದು ಬುಟ್ಟಿಗೆ ಹಾಕಿ, ಮೆಲ್ಲಗೆ ಇಳಿಬಿಡುತ್ತಿದ್ದೆ. ಮುಂದೆ ಮುಂದೆ ಹೋದ ಹಾಗೆ ಗೆಲ್ಲು ನನ್ನ ಭಾರಕ್ಕೆ ಬಾಗಿತು. ಒಮ್ಮೆ ಕೆಳಗೆ ನೋಡಿದೆ.

ಅಜ್ಜಿ ನನ್ನ ನೇರ ಕೆಳಗೆ ನಿಂತಿದ್ದರು. ಅವರ ತಲೆಯನ್ನು ನಾನು ಮೇಲಿನಿಂದ ಯಾವತ್ತೂ ನೋಡಿರಲಿಲ್ಲ. ಕೂದಲು ಅಷ್ಟು ತೆಳುವಾಗಿದೆ, ಬೈತಲೆ ಅಷ್ಟು ಅಗಲವಾಗಿದೆ ಎಂದು ನನಗೆ ಗೊತ್ತಿರಲಿಲ್ಲ. ಎರಡು ಕೈಗಳನ್ನೂ ಮುಂದಕ್ಕೆ ಚಾಚಿ, ಅಂಗೈ ಮೇಲೆ ಮಾಡಿ ಹಿಡಿದಿದ್ದರು. ನಾನು ಒಂದು ಮೊಳ ಮುಂದೆ ಸರಿದರೆ ಅವರೂ ಕೂಳೆಯ ಮೇಲೆ ಒಂದು ಹೆಜ್ಜೆ ಸರಿಯುತ್ತಿದ್ದರು. ನಾನು ನಿಂತರೆ ನಿಲ್ಲುತ್ತಿದ್ದರು. ಬಿದ್ದರೆ ಆ ಕೈಗಳು ನನ್ನನ್ನು ಹಿಡಿಯುತ್ತಿರಲಿಲ್ಲ, ನಾವಿಬ್ಬರೂ ನೆಲಕ್ಕೆ ಹೋಗುತ್ತಿದ್ದೆವು. ಅದು ಅವರಿಗೂ ಗೊತ್ತಿರಬೇಕು. ನಾನು ಕೊಯ್ದು ಮುಗಿಸುವವರೆಗೆ ಅವರು ಕೈ ಇಳಿಸಲಿಲ್ಲ.

ಇಳಿದು ಬಂದಾಗ ಅವರು ನನ್ನನ್ನು ನೋಡಲಿಲ್ಲ. ಬುಟ್ಟಿಯಿಂದ ಒಂದು ಮಿಡಿ ತೆಗೆದು ತೊಟ್ಟು ಮುರಿದು ಮೂಸಿದರು.

"ಪರಿಮಳ ಹಾಗೇ ಉಂಟು," ಎಂದರು. ಆಮೇಲೆ ಮಾವನ ಕಡೆ ತಿರುಗಿದರು. "ಏ ಮಗಾ, ಮೂಡುಬಿದಿರೆಗೆ ಇವಳ ಅಣ್ಣನಿಗೆ ಕಾಗದ ಬರೆಯುವಾಗ ಬರಿ. ಗಿಡ್ಡ ಆದ ಚಡ್ಡಿ ಯಾರಿಗೂ ಕೊಡುವುದು ಬೇಡ, ರಜೆಗೆ ಬರುವಾಗ ಇಲ್ಲಿಗೇ ತರ್ಲಿ."

"ಹಾಗಾದ್ರೆ ಮರ ಹೇಳಿ ಆಯ್ತಾ?" ಎಂದು ಮಾವ ನಗು ತಡೆದುಕೊಂಡು ಕೇಳಿದರು.

"ಒಂದು ಗೆಲ್ಲು ಹೇಳಿದೆ. ಉಳಿದದ್ದು ಬರುವ ವರ್ಷ ಏನು ಹೇಳ್ತದೋ ನೋಡುವ."

ಬರುವ ವರ್ಷ ಮರ ತುಂಬಿ ಬಿಡುವ ವರ್ಷ. ಅದು ನಮ್ಮ ಮೂವರಿಗೂ ಗೊತ್ತಿತ್ತು.