ಚಿಕ್ಕ ಲಿವರಿನ ಕೆಂಪು ದಾರ

ನಾನು ಓಡಿಸುತ್ತಿದ್ದ ಅಪ್ಪನ ಹಳೇ ಫೋರ್ ವೀಲ್ ಡ್ರೈವ್ ಜೀಪು ಹನಗೋಡಿನ ಹತ್ತಿರ ಕೆಟ್ಟು ನಿಂತಾಗ, ದಾರಿಯಲ್ಲಿ ಸಿಕ್ಕ ಟ್ರ್ಯಾಕ್ಟರಿನವರೊಬ್ಬರು ಹುಣಸೂರಿನವರೆಗೆ ಎಳೆದುಕೊಡಲು ಒಪ್ಪಿದರು. ಜೀಪನ್ನು ಕಟ್ಟುವ ಮೊದಲು ಒಳಗೆ ಇಣುಕಿ, "ದೊಡ್ಡ ಗೇರ್ ಒಂದೇ ಸಾಲ್ದು ಕಣ್ರೀ, ಪಕ್ಕದ ಆ ಫೋರ್ ವೀಲಿನ ಚಿಕ್ಕ ಲಿವರನ್ನೂ ನ್ಯೂಟ್ರಲ್ ಮಾಡ್ಬುಡಿ. ಇಲ್ದಿದ್ರೆ ಗೇರ್‌ಬಾಕ್ಸ್ ಸುಟ್ಟೋಯ್ತದೆ" ಅಂದರು.

ಆ ಲಿವರಿಗೆ ಅಪ್ಪ ಕೆಂಪು ದಾರ ಕಟ್ಟಿದ್ದರು. "ಪೂಜೆ ದಾರ ಕಟ್ಟಿರೋದನ್ನ ನಾನು ಎಳೆದಾಡಲ್ಲ" ಅಂತ ಗತ್ತಿನಿಂದ ಹೇಳಿ ಸ್ಟೀರಿಂಗ್ ಹಿಡಿದು ಕೂತೆ.

"ನಿಮ್ಮ ಗಾಡಿ, ನಿಮ್ಮಿಷ್ಟ ಬುಡಿ" ಅಂದು ಅವರು ಟ್ರ್ಯಾಕ್ಟರ್ ಹತ್ತಿದರು.

ಹುಣಸೂರು ಮುಟ್ಟುವಷ್ಟರಲ್ಲಿ ಗೇರ್‌ಬಾಕ್ಸಿನಿಂದ ಹೊಗೆ ಎದ್ದಿತ್ತು. ಅಪ್ಪನಿಗೆ ಫೋನ್ ಮಾಡಿ ನಡೆದದ್ದೆಲ್ಲ ಹೇಳಿದೆ. ಅವರು, "ಎಳೆಸುವಾಗ ಅದನ್ನ ಮರೀಬಾರ್ದು ಅಂತಾನೇ ದಾರ ಕಟ್ಟಿದ್ದೆ ಕಣ್ಲಾ" ಅಂದರು.

ಪ್ರತಿ ಆಯುಧಪೂಜೆಗೂ ಆ ದಾರಕ್ಕೆ ತಪ್ಪದೆ ಕುಂಕುಮ ಹಚ್ಚುತ್ತಿದ್ದವನು ನಾನು. ಯಾಕೆ ಕಟ್ಟಿದ್ದೀರಿ ಅಂತ ಮಾತ್ರ ಒಮ್ಮೆಯೂ ಕೇಳಿರಲಿಲ್ಲ.