ಫ್ರ್ಯಾಂಕನ ಹೊಲದ ಜೋಳ ನಾನು ತಿನ್ನಲಿಲ್ಲ

ವಿಮಲಾ, ಆ ದಿನ ಫ್ರ್ಯಾಂಕನ ಹೊಲದಲ್ಲಿ ನಾನು ಜೋಳ ತಿನ್ನಲಿಲ್ಲ. ತಿಂದೆ ಅಂತ ನಿನಗೆ ಹೇಳಿದ್ದು ಸುಳ್ಳು.

ತೊಂಬತ್ತರ ದಶಕ ಮುಗಿಯುತ್ತಿದ್ದ ಬೇಸಿಗೆ ಅದು. ನಾವು ಆಸ್ಟಿನ್ ಪಕ್ಕದ ರೌಂಡ್ ರಾಕಿಗೆ ಶಿಫ್ಟ್ ಆಗಿ ಹೆಚ್ಚು ದಿನವಾಗಿರಲಿಲ್ಲ. ಊರಿನ ಚರಂಡಿ ನೀರನ್ನು ಶುದ್ಧಮಾಡಿ ಹೊಲಗಳಿಗೆ ಕೊಡಿಸುವುದು ನನ್ನ ಕೆಲಸ. ಮಳೆಯಿಲ್ಲದೆ ಒದ್ದಾಡುತ್ತಿದ್ದರೂ ಆಸ್ಟಿನ್ ಆಚೆಯ ರೈತರು ಆ ನೀರು ಬೇಡ ಅನ್ನುತ್ತಿದ್ದರು. ಮುದುಕ ಫ್ರ್ಯಾಂಕ್ ಒಬ್ಬನೇ ಧೈರ್ಯಮಾಡಿ ಅದರಲ್ಲಿ ಮುಸುಕಿನ ಜೋಳ ಬೆಳೆದು, ಅಕ್ಕಪಕ್ಕದವರನ್ನೆಲ್ಲ ಕರೆದಿದ್ದ. "ಇಂಜಿನಿಯರು ಹೆಂಡತಿ ಜೊತೆ ಬಂದು ತಿನ್ನಲಿ, ಆಮೇಲೆ ನೋಡೋಣ" ಅಂದಿದ್ದರು ಅವರು.

ನೀನು ಉಪ್ಪು, ಖಾರದ ಪುಡಿ, ನಿಂಬೆಹಣ್ಣು ಕಟ್ಟಿಕೊಂಡು ಬಂದೆ — ಪಿಕ್ನಿಕ್ಕಿಗೆ ಹೊರಟವಳ ಹಾಗೆ. ಸುಟ್ಟ ತೆನೆಗೆ ನಿಂಬೆಹೋಳು ಉಜ್ಜಿ ಉಜ್ಜಿ ತಿಂದೆ. ದೊಡ್ಡ ಟೋಪಿಯ ಆ ಗಂಡಸರಿಗೂ ಖಾರ ಹಚ್ಚಿ ಕೊಟ್ಟೆ. ಕಣ್ಣೀರು ಒರೆಸಿಕೊಳ್ಳುತ್ತಲೇ ಅವರು ಇನ್ನೊಂದು ಕೇಳಿದರು.

ಎಲ್ಲರ ಗಮನ ನಿನ್ನ ಮೇಲಿದ್ದಾಗ ನಾನು ನನ್ನ ತೆನೆ ಹಿಡಿದು ಟ್ರಕ್ಕಿನ ಹಿಂದೆ ಹೋದೆ. ಆ ನೀರಿನ ಪರೀಕ್ಷೆ ಮಾಡಿಸಿದವನು ನಾನು. ದೋಷವಿಲ್ಲ ಅಂತ ಸಹಿ ಹಾಕಿದವನೂ ನಾನು. ಆದರೂ ಶುದ್ಧೀಕರಣ ಘಟಕದೊಳಗೆ ಚರಂಡಿ ನೀರು ಬಂದು ಬೀಳುವ ಜಾಗ ಕಣ್ಮುಂದೆ ಬಂತು — ಬಾಯಿ ತೆರೆಯಲಾಗಲಿಲ್ಲ. ಬೇಲಿಯಾಚೆ ಒಂದು ಹಸು ಕತ್ತು ಚಾಚಿತು. ಅದಕ್ಕೆ ಕೊಟ್ಟುಬಿಟ್ಟೆ.

ವಾಪಸು ಬಂದಾಗ ನೀನು ಕೇಳಿದೆ, "ಹೇಗಿತ್ತು ರೀ?"

"ಒಳ್ಳೇ ಸಕ್ಕರೆ" ಅಂದೆ ನಾನು.

"ಹಾಗಾದ್ರೆ ನಾನು ಇನ್ನೊಂದು ತಗೋತೀನಿ."

ಆ ಮಾತು ನನ್ನನ್ನು ಬಿಟ್ಟಿಲ್ಲ. ನೀರಿನ ಮೇಲೆ ನಂಬಿಕೆಯಿಲ್ಲದಿದ್ದರೆ ನಿನ್ನ ಕೈ ತಡೆಯಬೇಕಿತ್ತು. ಇದ್ದಿದ್ದರೆ ನಾನೂ ತಿನ್ನಬೇಕಿತ್ತು. ಎರಡೂ ಮಾಡದೆ, ನೀನು ತಿನ್ನುವುದನ್ನು ನೋಡುತ್ತಾ ನಿಂತೆ, ಅಷ್ಟೇ.

ಯಾರಿಗೂ ಏನೂ ಆಗಲಿಲ್ಲ. ರೈತರು ನೀರು ತಗೊಂಡರು. ಆಫೀಸಿನಲ್ಲಿ ನನ್ನ ಬೆನ್ನು ತಟ್ಟಿದರು. ನಿಜವಾಗಿ ರೈತರನ್ನು ಒಪ್ಪಿಸಿದವಳು ನೀನು. ಮುಂದಿನ ವರ್ಷದಿಂದ ನಾನೂ ಆ ಜೋಳ ತಿನ್ನತೊಡಗಿದೆ — ಅದರಿಂದ ಅಂದಿನ ಸುಳ್ಳು ನಿಜವಾಗುವುದಿಲ್ಲ.

ಡಲ್ಲಾಸ್, ಹ್ಯೂಸ್ಟನ್, ಯಾರ ಮನೆಗೆ ಊಟಕ್ಕೆ ಹೋದರೂ ನೀನು ನಗುನಗುತ್ತಾ ಹೇಳುತ್ತೀಯ: "ನಮ್ಮ ಯಜಮಾನರು ತಾವೇ ತಿಂದು ಎಲ್ಲರನ್ನೂ ಒಪ್ಪಿಸಿದ್ರು." ನಾನು ಮೊಸರನ್ನ ಕಲಸುತ್ತಾ ತಲೆ ತಗ್ಗಿಸುತ್ತೇನೆ. ಅದನ್ನು ಜನ ವಿನಯ ಅಂದುಕೊಳ್ಳುತ್ತಾರೆ.

ಶನಿವಾರ ಡಲ್ಲಾಸ್ ಪಕ್ಕದ ಫ್ಲವರ್ ಮೌಂಡಿನಲ್ಲಿ ಸ್ನೇಹಿತರ ಮನೆ ಊಟವಿದೆ. ಈ ಸಲ ನಡೆದದ್ದನ್ನು ನಡೆದ ಹಾಗೆ ನಾನೇ ಹೇಳುತ್ತೇನೆ. ಎಲ್ಲರೂ ನಗಲಿ. ಆದರೆ ಅವರ ಜೊತೆ ಕೂತು ನೀನು ಮೊದಲ ಸಲ ಕೇಳುವ ಹಾಗಾಗಬಾರದು — ಅದಕ್ಕೇ ಇವತ್ತೇ ಹೇಳಿದೆ. ಬೈಯಬೇಕಾದಷ್ಟು ಬೈದುಬಿಡು, ಕೂತಿದ್ದೇನೆ.